ಎಡಗೈ ಕೆಳಗ

2008ರಿಂದ ಬೀದರ್ ವಾಯುನೆಲೆಯಿಂದ ಏಳುತ್ತಿರುವ ಹಾಕ್ ತರಬೇತಿ ವಿಮಾನಗಳನ್ನು ನೋಡಿದವರಿಗೆ ಹಾರಾಟವೆಂದರೆ ಚಾಚಿದ ರೆಕ್ಕೆ. ರೆಕ್ಕೆಯೇ ತಿರುಗುವ ಯಂತ್ರದ, ಅಂದರೆ ಹೆಲಿಕಾಪ್ಟರಿನ, ಪಾಠಕ್ಕೆ ಮೆಕ್ಯಾನಿಕಲ್ ವಿಭಾಗದ ನಮ್ಮ ಸರ್ ತರಗತಿಗೆ ತಂದದ್ದು ಶರಣಬಸವೇಶ್ವರ ಜಾತ್ರೆಯಲ್ಲಿ ಕೊಂಡ ಗಿರಗಿಟ್ಲೆ. ಅದನ್ನು ಮುಂದೆ ಹಿಡಿದು ಊದಿದರು, ತಿರುಗಿತು. “ಇದಕ್ಕ ಎಂಜಿನ್ ಎಲ್ಲೈತಿ?” ಅಂದರು.

ಎಂಜಿನ್ ನಿಂತರೆ ಹೆಲಿಕಾಪ್ಟರ್ ಕಲ್ಲಿನ ಹಾಗೆ ಬೀಳುತ್ತದೆ ಎಂಬ ನಂಬಿಕೆ ಅವತ್ತೇ ಹೋಯಿತು. ಇಳಿಯುವಾಗ ಕೆಳಗಿನಿಂದ ನುಗ್ಗುವ ಗಾಳಿಯೇ ರೋಟರನ್ನು, ಅಂದರೆ ತಲೆಮೇಲಿನ ಅಲಗುಗಳ ಚಕ್ರವನ್ನು, ತಿರುಗಿಸುತ್ತಿರುತ್ತದೆ. ಇದು ಆಟೋರೊಟೇಷನ್. ಆದರೆ ಅದಕ್ಕೆ ಅಲಗುಗಳ ಕೋನ ತಕ್ಷಣ ಇಳಿಯಬೇಕು, ಅಂದರೆ ಎಡಗೈಯಲ್ಲಿರುವ ಕಲೆಕ್ಟಿವ್ ಸನ್ನೆ (ಲಿವರ್) ಪೂರ್ತಿ ಕೆಳಗೆ ಹೋಗಬೇಕು. ತರಬೇತಿಯಲ್ಲಿ ಆಗುವ ಅಪಘಾತಗಳಲ್ಲಿ ಒಂದು ದೊಡ್ಡ ಪಾಲು ಇದರ ಅಭ್ಯಾಸದಲ್ಲೇ ಹುಟ್ಟುತ್ತದೆ.

ಎರಡು ಸೀಟಿನ ರಾಬಿನ್ಸನ್ ಆರ್22 ಹೆಲಿಕಾಪ್ಟರ್ ತೆಗೆದುಕೊಳ್ಳಿ. ಎರಡೇ ಅಲಗು, ಅವೂ ಹಗುರ. ಹಗುರವಾದದ್ದು ಬೇಗ ವೇಗ ಕಳೆದುಕೊಳ್ಳುತ್ತದೆ. ರೋಟರ್ ವೇಗ 97%ಕ್ಕೆ ಇಳಿದರೆ ಹಾರ್ನ್ ಕೂಗುತ್ತದೆ. 80%, ಜೊತೆಗೆ ಪ್ರತಿ ಸಾವಿರ ಅಡಿ ಎತ್ತರಕ್ಕೆ ಇನ್ನೊಂದು 1%: ಇದರ ಕೆಳಗೆ ಹೋದರೆ ಅಲಗು ಸ್ಟಾಲ್ ಆಗುತ್ತದೆ, ಅಂದರೆ ಎತ್ತುವ ಕಸುವು ಕಳೆದುಕೊಳ್ಳುತ್ತದೆ, ಮತ್ತೆ ಚೇತರಿಸುವುದಿಲ್ಲ. ಸನ್ನೆ ಇಳಿಸಲು ಸಿಗುವ ವೇಳೆ ಒಂದು ಸೆಕೆಂಡಿನ ಆಚೀಚೆ. ನೆಲ ಮೇಲೆದ್ದು ಬರುತ್ತಿರುವಾಗ ಗಾಬರಿಗೊಂಡ ಕೈಯೋ ಸನ್ನೆಯನ್ನು ಮೇಲಕ್ಕೇ ಎಳೆಯುತ್ತದೆ. ಕಲಿಯುವವನು ಮೊದಲು ಮರೆಯಬೇಕಾದ ಚಾಳಿ ಇದು.

ಸನ್ನೆ ಇಳಿದ ಮೇಲೆ ಮೂತಿ ಎಡಕ್ಕೆ ಹೊರಳದಂತೆ ಬಲಗಾಲಿನ ಪೆಡಲ್ ಒತ್ತಬೇಕು. (ಚೇತಕ್ ಹೆಲಿಕಾಪ್ಟರಿನ ರೋಟರ್ ಪ್ರದಕ್ಷಿಣವಾಗಿ ತಿರುಗುವುದರಿಂದ ಅಲ್ಲಿ ಎಡ ಪೆಡಲ್. ಒಂದರಿಂದ ಇನ್ನೊಂದಕ್ಕೆ ಬಂದವರ ಕಾಲು ಇಲ್ಲಿ ಎಡವುತ್ತದೆ.) ಮುಂದಿನ ವೇಗ ಸುಮಾರು 65 ನಾಟ್ (ಗಂಟೆಗೆ ಸುಮಾರು 120 ಕಿ.ಮೀ.). 500 ಅಡಿಯಿಂದ ನೆಲಕ್ಕೆ ಇಪ್ಪತ್ತು ಸೆಕೆಂಡೂ ಇರುವುದಿಲ್ಲ. ಸುಮಾರು 40 ಅಡಿಯಲ್ಲಿ ಮೂತಿ ಎತ್ತಿ ವೇಗ ಮುರಿಯಬೇಕು, 8 ಅಡಿಯ ಹೊತ್ತಿಗೆ ಮಟ್ಟ ಮಾಡಬೇಕು, ರೋಟರಿನಲ್ಲಿ ಉಳಿದ ಓಟವನ್ನು ಆಗ ಸನ್ನೆ ಎತ್ತಿ ಖರ್ಚು ಮಾಡಬೇಕು. ಆ ಓಟ ಒಂದೇ ಸಲಕ್ಕೆ ಸಾಲುತ್ತದೆ. ಮೂತಿ ತಡವಾಗಿ ಎತ್ತಿದರೆ ಬಾಲ ನೆಲಕ್ಕೆ ಬಡಿಯುತ್ತದೆ. ಬೇಗ ಎತ್ತಿದರೆ ಮೇಲೆಯೇ ಓಟ ಮುಗಿದು ಯಂತ್ರ ಧೊಪ್ಪೆಂದು ಕೂರುತ್ತದೆ.

ಅಭ್ಯಾಸದಲ್ಲಿ ಕೊನೆಗೆ ಥ್ರಾಟಲ್ ಮತ್ತೆ ಕೊಟ್ಟು ತೇಲಿಸಿ ನಿಲ್ಲಿಸುವುದೇ ಹೆಚ್ಚು. ಎಂಜಿನ್ ನಿಂತಂತೆ ನಟಿಸಲು ಶಿಕ್ಷಕ ಥ್ರಾಟಲನ್ನು ಒಮ್ಮೆಲೇ ಮುಚ್ಚಿದರೆ ಪಿಸ್ಟನ್ ಎಂಜಿನ್ ನಿಜವಾಗಿಯೇ ನಿಂತುಬಿಡಬಹುದು, ನಾಟಕ ಅಲ್ಲಿಗೆ ನಿಜವಾಗುತ್ತದೆ. ನನ್ನ ಅಂದಾಜಿನಲ್ಲಿ ಕಲಿಯುವವನ ತಪ್ಪಿಗಿಂತ, ಅವನೇ ಸರಿಪಡಿಸಲಿ ಎಂದು ಶಿಕ್ಷಕ ಕಾಯುವ ಆ ಕ್ಷಣ ಹೆಚ್ಚು ದುಬಾರಿ.

ನಮ್ಮ ಬಿಸಿಲಿನ ಲೆಕ್ಕವನ್ನೂ ಸರ್ ಬೋರ್ಡಿನ ಮೇಲೆ ಹಾಕಿಸಿದರು. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 1,500 ಅಡಿ. ಆ ಎತ್ತರಕ್ಕೆ ಪ್ರಮಾಣಿತ ಉಷ್ಣತೆ 12 ಡಿಗ್ರಿ. ಮೇ ತಿಂಗಳಲ್ಲಿ 43 ಇದ್ದರೆ ವ್ಯತ್ಯಾಸ 31. ಆ 1,500ಕ್ಕೆ ಡಿಗ್ರಿಗೆ 120 ಅಡಿಯಂತೆ ಕೂಡಿದರೆ 5,220. ನಿಂತದ್ದು ಊರಲ್ಲಾದರೂ ಅಲಗಿಗೆ ಸಿಗುವುದು 5,000 ಅಡಿ ಮೇಲಿನ ತೆಳು ಗಾಳಿ. ಎಂಜಿನಿನ ಕಸುವೂ ಅಷ್ಟೇ ಕಡಿಮೆ. ಬೆಳಿಗ್ಗೆ ಏಳಕ್ಕೆ ಸಲೀಸಾಗಿ ತೇಲಿದ ಯಂತ್ರ ಮಧ್ಯಾಹ್ನ ಎರಡಕ್ಕೆ ಏದುಸಿರು ಬಿಡುತ್ತದೆ.

ಎಲ್ಲ ಸರಿಯಾಗಿ ಇಳಿದರೂ ನಮ್ಮ ಎರೆಭೂಮಿ ಬಿಡುವುದಿಲ್ಲ. ಬೇಸಿಗೆಯಲ್ಲಿ ಬಾಯಿಬಿಟ್ಟ ಬಿರುಕು, ಮಳೆಗಾಲದಲ್ಲಿ ಅಂಟುವ ಕೆಸರು, ತೊಗರಿ ಕೊಯ್ದ ಹೊಲದಲ್ಲಿ ಗಟ್ಟಿ ಕೂಳೆ. ಒಂದು ಸ್ಕಿಡ್ (ಯಂತ್ರ ನಿಲ್ಲುವ ಕಾಲು) ಸಿಕ್ಕಿಕೊಂಡು ಮತ್ತೊಂದು ಎದ್ದರೆ ಯಂತ್ರ ಸಿಕ್ಕ ಕಾಲಿನ ಸುತ್ತ ಹೊರಳತೊಡಗುತ್ತದೆ. ಹೊರಳುವ ವೇಗ ಹೆಚ್ಚಿದಷ್ಟೂ ಉಳಿಸಿಕೊಳ್ಳಬಹುದಾದ ಕೋನ ಕಿರಿದಾಗುತ್ತದೆ. ಅದನ್ನು ದಾಟಿದರೆ ಬಲಗೈಯ ಸೈಕ್ಲಿಕ್ಕನ್ನು (ಯಂತ್ರವನ್ನು ಆಚೀಚೆ ವಾಲಿಸುವ ಕೋಲು) ಪೂರಾ ಎದುರಿಗೆ ಒತ್ತಿದರೂ ನಿಲ್ಲದು. ಇಲ್ಲೂ ಕೈ ಕೇಳುವುದು ಮೇಲೆತ್ತಿ ಬಿಡಿಸಿಕೊಳ್ಳಲು. ಎತ್ತಿದರೆ ಹೊರಳುವ ಬಲವೇ ಹೆಚ್ಚುತ್ತದೆ. ದಡಕ್ಕನೆ ಇಳಿಸಿದರೆ ಪುಟಿದು ಆಚೆ ಬದಿಗೆ ಮಗುಚಲೂಬಹುದು.

“ಎಡಗೈ ಕೆಳಗ,” ಅಂದಿದ್ದರು ಸರ್, ಗಿರಗಿಟ್ಲೆಯನ್ನು ಮೇಜಿನ ಮೇಲೆ ವಾಲಿಸುತ್ತಾ, “ಈ ಸಲ ಮೆಲ್ಲಗ.”