ಲಿಥಿಯಂ 2.9, ಮುಚ್ಚಳ ಹಸಿರು

ನಮ್ಮ ವಾರ್ಡಿನ ಒಂದು ಫ್ಯಾನ್ ತಿಂಗಳುಗಟ್ಟಲೆಯಿಂದ ಕಿರ್‌ಕಿರ್ ಅನ್ನುತ್ತಿತ್ತು. ಅದರ ಕೆಳಗೇ ಖಿನ್ನತೆಯಿಂದ ನಾಲ್ಕು ವಾರದಿಂದ ಮಲಗಿದ್ದ ಆಕೆ ಒಂದು ಬೆಳಗ್ಗೆ ರೌಂಡ್ಸಿನಲ್ಲಿ, "ಡಾಕ್ಟ್ರೇ, ಇದು ನಿಮ್ಮ ಯಾರ ಕಿವಿಗೂ ಬೀಳಲ್ವಾ?" ಅಂತ ಸಿಡುಕಿದರು. ನನಗೆ ಕುಣಿಯುವಷ್ಟು ಖುಷಿ.

ಅಲ್ಲಿಯವರೆಗೆ ಆಕೆಗೆ ಏನೂ ಕಿರಿಕಿರಿಯೇ ಆಗಿರಲಿಲ್ಲ. ಖಿನ್ನತೆಯ ಮಾತ್ರೆಗಳಾದ ಸರ್ಟ್ರಲೀನ್ 200 ಮಿ.ಗ್ರಾಂನಲ್ಲಿ 8 ವಾರ, ವೆನ್ಲಾಫ್ಯಾಕ್ಸಿನ್ 225 ಮಿ.ಗ್ರಾಂನಲ್ಲಿ ಮತ್ತೆ 8 ವಾರ ಆಗಿತ್ತು. ಪಿಎಚ್‌ಕ್ಯೂ-9 ಅನ್ನೋ ಖಿನ್ನತೆ ಅಳೆಯುವ ಪ್ರಶ್ನಾವಳಿಯ ಸ್ಕೋರ್ ಮಾತ್ರ 22ರಿಂದ ಕದಲಿರಲಿಲ್ಲ. ಮಾತ್ರೆ ನಿಜವಾಗಿ ನುಂಗುತ್ತಿದ್ದಾರಾ, ಥೈರಾಯ್ಡ್ ಹೇಗಿದೆ, ಹಿಂದೆ ಯಾವಾಗಲಾದರೂ ನಿದ್ದೆಯಿಲ್ಲದೆ ವಿಪರೀತ ಹುರುಪಿನಲ್ಲಿ ಓಡಾಡಿದ್ದುಂಟಾ, ಎಲ್ಲ ಕೆದಕಿ ನೋಡಿದ್ದೆವು. ಕೊನೆಗೆ ಫೈಲಿನ ಮೇಲೆ ಟಿಆರ್‌ಡಿ ಅಂತ, ಅಂದರೆ ಔಷಧಿಗೆ ಬಗ್ಗದ ಖಿನ್ನತೆ ಅಂತ ಬರೆದು, ವೆನ್ಲಾಫ್ಯಾಕ್ಸಿನ್ ಜೊತೆಗೆ ಲಿಥಿಯಂ ಶುರು ಮಾಡಿದೆವು. ಮೂರನೇ ವಾರಕ್ಕೆ ಈ ಫ್ಯಾನ್ ಜಗಳ. ಸ್ಕೋರ್ ಇಳಿದಿದ್ದು 16ಕ್ಕೆ ಅಷ್ಟೇ. ಆದರೆ ನಾನು ಸ್ಕೋರಿಗಿಂತ ಫ್ಯಾನನ್ನೇ ನಂಬಿದೆ.

ಮಾರನೇ ದಿನ 11.40ಕ್ಕೆ ಲ್ಯಾಬಿನಿಂದ ಫೋನ್ ಬಂತು. "ಕ್ರಿಟಿಕಲ್ ವ್ಯಾಲ್ಯೂ. ಲಿಥಿಯಂ 2.9."

ನಮಗೆ ಬೇಕಿದ್ದದ್ದು 0.6ರಿಂದ 0.8. 2.9 ಅಂದರೆ ಕೈಕಾಲು ನಡುಗಬೇಕು, ಮಾತು ತೊದಲಬೇಕು, ನಡಿಗೆ ತೂರಾಡಬೇಕು. ನಾನು ಮೆಟ್ಟಿಲು ಹತ್ತಿ ಓಡಿ ಹೋಗಿ ನೋಡಿದರೆ ಆಕೆ ಮಂಚದ ತುದಿಯಲ್ಲಿ ಕೂತು ತಲೆ ಬಾಚಿಕೊಳ್ಳುತ್ತಿದ್ದಾರೆ. ಬಾಚಣಿಗೆ ಹಿಡಿದ ಕೈ ಒಂದಿಷ್ಟೂ ನಡುಗುತ್ತಿಲ್ಲ. ಇದನ್ನು ನಾನು ಕಣ್ಣಾರೆ ಕಂಡೆ. ಕಂಡೂ ಲಿಥಿಯಂ ನಿಲ್ಲಿಸಿದೆ, ಸಲೈನ್ ಹಾಕಿಸಿದೆ, ಇಸಿಜಿ, ಕಿಡ್ನಿಯ ಕ್ರಿಯಾಟಿನಿನ್ ಟೆಸ್ಟ್ ಅರ್ಜೆಂಟ್ ಅಂದೆ, ಕಿಡ್ನಿ ವಿಭಾಗವಾದ ನೆಫ್ರಾಲಜಿಗೆ ಫೋನ್ ಮಾಡಿಸಿದೆ. ಇಷ್ಟಕ್ಕೆ ಯಾರೂ ನನ್ನನ್ನು ಬೈಯುವುದಿಲ್ಲ. ಅಂಥ ನಂಬರ್ ಬಂದಾಗ ಸುಮ್ನೆ ಕೂರೋಕಾಗಲ್ಲ.

ತಪ್ಪಿದ್ದು ಕಾರಿಡಾರಿನಲ್ಲಿ. ಆಕೆಯ ಮಗ ಓಡಿ ಬಂದು "ಏನಾಯ್ತು ಮೇಡಂ?" ಅಂದ. ನಾನು ಅವಸರದಲ್ಲಿ, "ಲಿಥಿಯಂ ರಕ್ತದಲ್ಲಿ ವಿಷದ ಮಟ್ಟಕ್ಕೆ ಹೋಗಿದೆ, ಡಯಾಲಿಸಿಸ್ ಬೇಕಾಗಬಹುದು" ಅಂದುಬಿಟ್ಟೆ. ಅವನ ಮುಖ ಬಿಳಿಚಿಕೊಂಡಿತು. ನನಗೆ ಆಗ ಅದನ್ನು ನೋಡೋ ಪುರುಸೊತ್ತಿರಲಿಲ್ಲ.

ನೆಫ್ರಾಲಜಿಯ ಹುಡುಗ ನನಗಿಂತ ನಾಲ್ಕು ವರ್ಷ ಜೂನಿಯರ್. ಬಂದವನು ಆಕೆಯನ್ನು ನಾಲ್ಕು ಹೆಜ್ಜೆ ನಡೆಸಿದ, ಕೈ ಚಾಚಿಸಿದ. ಕ್ರಿಯಾಟಿನಿನ್ ಹಳೆಯದಷ್ಟೇ ಇತ್ತು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ. "ಮೇಡಂ, ಯಾವ ಬಣ್ಣದ ಮುಚ್ಚಳ?"

ಹಸಿರು. ಈ ಟೆಸ್ಟಿಗೆ ರಕ್ತ ತೆಗೆಯಬೇಕಾದ ಕೆಂಪು ಮುಚ್ಚಳದ ಟ್ಯೂಬ್ ಖಾಲಿಯಾಗಿ ಎರಡು ದಿನ ಆಗಿತ್ತಂತೆ, ಹೊಸದು ಬೇಕೆಂಬ ಇಂಡೆಂಟ್ ಚೀಟಿ ಸ್ಟೋರಿನಲ್ಲೇ ಕೂತಿತ್ತು. ನಮ್ಮ ಹಸಿರು ಟ್ಯೂಬಿನ ಒಳಗೆ ಸವರಿರುವುದು ಲಿಥಿಯಂ ಹೆಪಾರಿನ್! ರಕ್ತ ಹೆಪ್ಪುಗಟ್ಟದಿರಲಿ ಅಂತ ಹಾಕಿದ ಲಿಥಿಯಂ ಅನ್ನೇ ಮಶೀನು ಅಳೆದು ಕೊಟ್ಟಿತ್ತು. ಟ್ಯೂಬು ಅರ್ಧ ಮಾತ್ರ ತುಂಬಿದ್ದರೆ ಇನ್ನೂ ಜಾಸ್ತಿ ತೋರಿಸುತ್ತದೆ. ಕೆಂಪು ಟ್ಯೂಬನ್ನು ಪಕ್ಕದ ವಾರ್ಡಿನಿಂದ ಬೇಡಿ ತಂದು ಮತ್ತೆ ಕಳಿಸಿದೆವು. 0.6. ರಾತ್ರಿ ಡೋಸ್ ಆಗಿ ಆಗಲೇ 15 ತಾಸು ಕಳೆದಿತ್ತು, ಆ ಲೆಕ್ಕಕ್ಕೆ ಸರಿಯಾಗೇ ಇತ್ತು.

ಎಲ್ಲರೂ ನಕ್ಕರು, ನಾನೂ ನಕ್ಕೆ. ಮಗ ನಗಲಿಲ್ಲ. "ವಿಷ ಅಂತ ನೀವೇ ಹೇಳಿದ್ರಲ್ಲ. ಅದನ್ನ ಮತ್ತೆ ಅಮ್ಮನಿಗೆ ಕೊಡಬೇಡಿ." ಮೂರು ಸಲ ವಿವರಿಸಿದೆ. ಟ್ಯೂಬು, ಮುಚ್ಚಳ, ಹೆಪಾರಿನ್ ಅಂತ ನಾನು ಹೇಳಿದಷ್ಟೂ ಅವನಿಗೆ ನಾನೇನೋ ಮುಚ್ಚಿಡುತ್ತಿದ್ದೇನೆ ಅನಿಸುತ್ತಾ ಹೋಯಿತು. ಆಕೆಯನ್ನು ಕೇಳಿದರೆ, "ಅವನು ಹೇಳಿದ ಹಾಗೆ ಮಾಡಿ." ಇಸಿಟಿ, ಅಂದರೆ ಮೆದುಳಿಗೆ ಸಣ್ಣದಾಗಿ ಕರೆಂಟ್ ಹಾಯಿಸುವ ಚಿಕಿತ್ಸೆಯ ಮಾತು ಎತ್ತಿದೆ. ವಿಷ ಆಯ್ತು, ಈಗ ಕರೆಂಟಾ ಅಂತ ಅವನು ಎದ್ದೇ ಹೋದ.

ಖಿನ್ನತೆಗೆ ಒಂದು ಔಷಧಿ ಫಲಿಸದಿದ್ದರೆ ಮುಂದಿನದಕ್ಕೆ ಹೋಗುತ್ತಾ ನೋಡಿದ ಸ್ಟಾರ್-ಡಿ ಅಧ್ಯಯನದ ಮೊದಲ ಹಂತದಲ್ಲಿ ಪೂರ್ತಿ ಚೇತರಿಸಿಕೊಂಡವರು ಮೂವರಲ್ಲಿ ಒಬ್ಬರಿಗಿಂತ ಸ್ವಲ್ಪ ಜಾಸ್ತಿ, ಮೂರನೇ ಹಂತದಲ್ಲಿ ಏಳರಲ್ಲಿ ಒಬ್ಬರು. ಮೂರನೇ ಹಂತದಲ್ಲಿ ಸಿಕ್ಕ ಹಿಡಿತವನ್ನು ನಾನು ಒಂದು ಪದದಿಂದ ಕಳೆದಿದ್ದೆ. ಐದಾರು ದಿನದಲ್ಲಿ ಆಕೆ ಮತ್ತೆ ಗೋಡೆ ಕಡೆ ತಿರುಗಿ ಮಲಗಿದರು. ಫ್ಯಾನ್ ಕಿರ್‌ಕಿರ್ ಅನ್ನುತ್ತಲೇ ಇತ್ತು.

ಆಡಳಿತದವರಿಂದ ಒಂದು ಸುತ್ತೋಲೆ ಬಂತು. "ಸಿಬ್ಬಂದಿ ಎಚ್ಚರ ವಹಿಸತಕ್ಕದ್ದು." ಅದರ ಜೊತೆಗೆ ಕೆಂಪು ಟ್ಯೂಬ್ ಬರಲಿಲ್ಲ. ಲ್ಯಾಬಿನ ಸಾಫ್ಟ್‌ವೇರು ಇವತ್ತಿಗೂ ಲಿಥಿಯಂ ಟೆಸ್ಟಿಗೆ ಟ್ಯೂಬ್ ಯಾವುದು ಅಂತ ಕೇಳುವುದಿಲ್ಲ. ನಾನಂತೂ ಆರ್ಡರ್ ಶೀಟಿನಲ್ಲಿ ಕೈಯಲ್ಲೇ "ಕೆಂಪು" ಅಂತ ಬರೆದು ಅಡಿಗೆರೆ ಎಳೆಯುತ್ತೇನೆ.

ಒಂಬತ್ತನೇ ದಿನ ನಮ್ಮ ಸೀನಿಯರ್ ಮಗನನ್ನು ಕೂರಿಸಿಕೊಂಡರು. ಎರಡೂ ರಿಪೋರ್ಟ್, ಎರಡೂ ಖಾಲಿ ಟ್ಯೂಬ್ ಮೇಜಿನ ಮೇಲಿಟ್ಟು, "ತಪ್ಪು ನಮ್ಮದು. ನಿಮ್ಮಮ್ಮನ ರಕ್ತದಲ್ಲಿ ಏನೂ ಆಗಿರಲಿಲ್ಲ" ಅಂದರು, ಅಷ್ಟೇ. ಅವನು ಹಸಿರು ಟ್ಯೂಬನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ಅದರ ಮೇಲಿನ ಚೀಟಿ ಓದಿದ. ಆಮೇಲೆ ಅಮ್ಮನ ಹತ್ತಿರ ಹೋಗಿ ಮಾತಾಡಿಕೊಂಡು ಬಂದ.

ಲಿಥಿಯಂ ಮತ್ತೆ ಶುರುವಾಯಿತು. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಫ್ಯಾನ್ ರಿಪೇರಿ ಮಾಡಿಸಿದ್ದರು. ಆಕೆ ಈಗ ಯಾವುದಕ್ಕೆ ಬೈಯುತ್ತಾರೆ ಅಂತ ನಾನು ದಿನಾ ಕಾಯುತ್ತಿದ್ದೆ. ಮೂರನೇ ವಾರ ರೌಂಡ್ಸಿನಲ್ಲಿ ಫೈಲ್ ಬರೆಯುತ್ತಾ ನಿಂತಿದ್ದಾಗ ಕೇಳಿಸಿತು. "ಡಾಕ್ಟ್ರೇ, ಆ ಪೆನ್ನನ್ನ ಟಕ್ ಟಕ್ ಅನ್ನಿಸೋದು ಸ್ವಲ್ಪ ನಿಲ್ಲಿಸ್ತೀರಾ?"