ಬ್ಲೇಜರ್ ಹುಟ್ಟಿದ್ದು ದೋಣಿಯಲ್ಲಂತೆ

ಕಾಲೇಜು ಗ್ಯಾದರಿಂಗಿನ ದಿನ ಬ್ಲೇಜರ್ ಹಾಕ್ಕೊಂಡು ನಿಂತಿದ್ದು ನೆನಪಾದ್ರೆ ಈಗ್ಲೂ ಬೆನ್ನಲ್ಲಿ ಬೆವರು ಇಳೀತದೆ, ಕಾರವಾರದ ಸೆಕೆಗೆ ಕೋಟು ಬೇರೆ ಕೇಡು. ಆದ್ರೆ ಮೊನ್ನೆ ಗೊತ್ತಾಯ್ತು ನೋಡಿ, ಆ ಹೆಸರು ಬಂದಿದ್ದೇ ಹುಟ್ಟು ಹಾಕೋ ಹುಡುಗ್ರಿಂದಂತೆ.

ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜಿನವರು 1825ರಲ್ಲಿ ಒಂದು ಬೋಟ್ ಕ್ಲಬ್ ಮಾಡಿದ್ರು, ಹೆಸರು ಲೇಡಿ ಮಾರ್ಗರೆಟ್ ಬೋಟ್ ಕ್ಲಬ್. ಈ ಲೇಡಿ ಮಾರ್ಗರೆಟ್ ಬ್ಯೂಫೋರ್ಟ್ ಅಂದ್ರೆ ರಾಜ ಏಳನೇ ಹೆನ್ರಿಯ ತಾಯಿ, ಆಕೆ ಬಿಟ್ಟುಹೋದ ದುಡ್ಡಲ್ಲೇ 1511ರಲ್ಲಿ ಆ ಕಾಲೇಜು ಶುರುವಾಗಿದ್ದು. ಕ್ಲಬ್ಬಿನವರ ಕೋಟು ಕೆಂಡದ ಹಂಗೆ ಕೆಂಪು, ಉರೀತಾ ಇದೆಯೋ ಅನ್ನೋ ಥರ, ಇಂಗ್ಲಿಷಲ್ಲಿ ಬ್ಲೇಜ್ ಅಂದ್ರೆ ಧಗಧಗ ಉರಿಯೋದು, ಅದಕ್ಕೇ ಬ್ಲೇಜರ್.

ನಂಗೆ ಮಜಾ ಅನ್ಸಿದ್ದು ಅವರ ರೇಸು. ಕ್ಯಾಮ್ ಹೊಳೆ ಎಷ್ಟು ಸಪೂರ ಅಂದ್ರೆ ಎಂಟು ಜನ ಹುಟ್ಟು ಹಾಕೋ ದೋಣಿ ಅಕ್ಕಪಕ್ಕ ಓಡಿಸೋಕೆ ಜಾಗ ಇಲ್ಲ, ಅದಕ್ಕೆ ಒಂದರ ಹಿಂದೆ ಒಂದು ಸಾಲಾಗಿ ನಿಲ್ಲಿಸ್ತಾರೆ, ನಡುವೆ ಒಂದೂವರೆ ದೋಣಿಯಷ್ಟು ಜಾಗ, ತೋಪು ಹಾರಿದ ಕೂಡ್ಲೆ ಎಲ್ಲರೂ ಹೊರಡೋದು, ಹಿಂದಿನವ ಬಂದು ನಮಗೆ ಗುದ್ದೋದ್ರೊಳಗೆ ನಾವು ಮುಂದಿನವನಿಗೆ ಗುದ್ದಬೇಕು! ಗುದ್ದಿದ್ರೆ ಮರುದಿನ ಅವನ ಜಾಗ ನಮಗೆ. ಬಂಪ್ಸ್ ಅಂತಾರೆ, 1827ರಿಂದ ನಡೀತಾ ಬಂದದೆ. ಈಗ ನಾಲ್ಕು ದಿನದ ಆಟ, ನಾಲ್ಕೂ ದಿನ ಗುದ್ದಿದವರು ಹುಟ್ಟಿನ ಮೇಲೆ ಬಣ್ಣದಲ್ಲಿ ಹೆಸರು ಬರೆಸ್ಕೊಳ್ತಾರೆ, ನಾಲ್ಕೂ ದಿನ ಗುದ್ದಿಸ್ಕೊಂಡವರಿಗೆ ಚಮಚ ಸಿಕ್ತು ಅಂತ ತಮಾಷೆ ಮಾಡ್ತಾರೆ. ನಮ್ಮ ತದಡಿ ಬಂದರಲ್ಲಿ ಯಾರದ್ದಾದ್ರೂ ದೋಣಿಗೆ ಸುಮ್ನೆ ತಾಗಿಸಿ ನೋಡಿ, ಚಮಚ ಅಲ್ಲ, ಬೇರೆಯೇ ಸಿಗ್ತದೆ.

ಆಟ ಅಂದ್ರೂ 1888ರಲ್ಲಿ ಒಂದು ದೋಣಿಯ ಮೂತಿ ಬಡಿದು ಒಬ್ಬ ಹುಡುಗ ಸತ್ತೇ ಹೋದ. ಆಮೇಲೆ ಮೂತಿಗೆ ರಬ್ಬರ್ ಚೆಂಡು ಬಂತು.

ಆಕ್ಸ್‌ಫರ್ಡ್-ಕೇಂಬ್ರಿಜ್ ಬೋಟ್ ರೇಸ್ ಇದೆಯಲ್ಲ, ಅದರ ಬೇರೂ ಇಲ್ಲೇ. ಸೇಂಟ್ ಜಾನ್ಸ್‌ನ ಚಾರ್ಲ್ಸ್ ಮೆರಿವೇಲ್, ಆಕ್ಸ್‌ಫರ್ಡಿನ ಚಾರ್ಲ್ಸ್ ವರ್ಡ್ಸ್‌ವರ್ತ್ ಒಂದೇ ಶಾಲೆಯಲ್ಲಿ ಓದಿದ ದೋಸ್ತರು, 1829ರಲ್ಲಿ ಸವಾಲು ಹಾಕ್ಕೊಂಡು ಹೆನ್ಲೀಯಲ್ಲಿ ರೇಸ್ ಮಾಡಿಸಿದ್ರು. ಸವಾಲು ಹಾಕಿದ್ದು ಕೇಂಬ್ರಿಜ್, ಗೆದ್ದಿದ್ದು ಆಕ್ಸ್‌ಫರ್ಡ್.

ಇಷ್ಟೂ ಕಥೆನ ಕೋಡಿಬಾಗದಲ್ಲಿ ಬಲೆ ಹೊಲೀತಾ ಕೂತಿದ್ದ ನಮ್ಮ ಪರಿಚಯದ ಅಜ್ಜನ ಹತ್ರ ಹೇಳ್ದೆ. ಎದುರಿಗೆ ಕಾಳಿ ಹೊಳೆ, ಅಲ್ಲಿ ಹತ್ತಾರು ದೋಣಿ ಅಕ್ಕಪಕ್ಕ ಬಿಟ್ರೂ ಜಾಗ ಮಿಗ್ತದೆ. ಗುದ್ದೋ ವಿಷಯ ಅಜ್ಜನಿಗೆ ತಲೆಗೇ ಹೋಗ್ಲಿಲ್ಲ, ಎಂಟೂ ಜನ ಹೋಗೋ ದಿಕ್ಕಿಗೆ ಬೆನ್ನು ಹಾಕಿ ಕೂರ್ತಾರೆ ಅಂದಿದ್ದಕ್ಕೆ ಮಾತ್ರ ಸೂಜಿ ನಿಲ್ಲಿಸಿದ.

"ಮತ್ತೆ ದಾರಿ ನೋಡೂದು ಯಾರು?"

ಒಂಬತ್ತನೆಯವ ಒಬ್ಬ ಇರ್ತಾನೆ, ಕಾಕ್ಸ್ ಅಂತ, ಹುಟ್ಟು ಮುಟ್ಟೂದಿಲ್ಲ, ಚುಕ್ಕಾಣಿ ಹಿಡ್ಕಂಡು ಕೂಗ್ತಾ ಇರ್ತಾನೆ ಅಂದೆ.

"ಹಾಂ, ತಾಂಡೇಲ."

ಅವನು ಆದಷ್ಟು ಸಣ್ಣಕಲ ಇರ್ಬೇಕಂತೆ ಅಜ್ಜ, ದೋಣಿ ಹಗುರ ಆಗ್ಲಿ ಅಂತ. ಅಜ್ಜ ಹೊಳೆ ಕಡೆ ನೋಡಿ ನಗೋಕೆ ಶುರು ಮಾಡಿದ, ಅವನ ಕಾಲದ ತಾಂಡೇಲ ಹತ್ತಿದ್ರೆ ದೋಣಿ ಆ ಬದಿಗೇ ವಾಲ್ತಿತ್ತಂತೆ.