ಬೆಟ್ಟದ ಮೇಲೆ ನೀರು

ಚೀನಾದ ಪ್ರಾಚೀನ ಶಕುನಗ್ರಂಥವಾದ ಯೀ ಜಿಂಗ್‌ನಲ್ಲಿರುವ 64 ಆಕೃತಿಗಳ ಪೈಕಿ ನಾನು ಮತ್ತೆ ಮತ್ತೆ ತೆರೆದು ನೋಡುವುದು 39ನೆಯದನ್ನು. ಅದರ ಹೆಸರು ಜಿಯೆನ್, ಅಂದರೆ ಅಡೆತಡೆ. ಚೀನೀ ಲಿಪಿಯಲ್ಲಿ ಈ ಅಕ್ಷರದ ಬುಡದಲ್ಲಿ ಪಾದವನ್ನು ಸೂಚಿಸುವ ಚಿಹ್ನೆಯಿದೆ. ಪದದ ಮೂಲಾರ್ಥ ಕುಂಟುವುದು.

ಶಕುನ ಕೇಳುವ ಹಳೆಯ ಕ್ರಮವೇ ನಿಧಾನದ್ದು. 50 ಒಣಗಿದ ಕಡ್ಡಿಗಳಲ್ಲಿ ಒಂದನ್ನು ಬದಿಗಿಟ್ಟು, ಉಳಿದ 49ನ್ನು ಕೈಗೆ ಬಂದಂತೆ ಎರಡು ಪಾಲು ಮಾಡಿ, ನಾಲ್ಕು ನಾಲ್ಕಾಗಿ ಎಣಿಸಿ ತೆಗೆಯುತ್ತಾರೆ. ಹೀಗೆ ಮೂರು ಸಲ ಮಾಡಿದರೆ ಒಂದು ಗೆರೆ, 18 ಸಲ ಮಾಡಿದರೆ ಆರು ಗೆರೆಗಳ ಪೂರ್ಣ ಆಕೃತಿ. ಮೂರು ನಾಣ್ಯ ಎಸೆದು ಬೇಗ ಮುಗಿಸುವ ಪದ್ಧತಿ ಆಮೇಲೆ ಬಂದದ್ದು. ಕಂಗೆಟ್ಟು ಬಂದವನ ಉಸಿರು ಒಂದು ಹದಕ್ಕೆ ಬರಲು ಆ ಎಣಿಕೆಯಷ್ಟು ಹೊತ್ತು ಬೇಕೇ ಬೇಕು ಎಂದು ನನಗನ್ನಿಸುತ್ತದೆ.

ಜಿಯೆನ್‌ನಲ್ಲಿ ಕೆಳಗಿನ ಮೂರು ಗೆರೆಗಳು ಬೆಟ್ಟ, ಮೇಲಿನ ಮೂರು ನೀರು. ನೀರೆಂದರೆ ಇಲ್ಲಿ ಅಪಾಯ, ಬೆಟ್ಟವೆಂದರೆ ನಿಲ್ಲುವುದು. ಎದುರಿಗಿರುವ ಅಪಾಯವನ್ನು ಕಂಡು ನಿಲ್ಲಬಲ್ಲವನೇ ವಿವೇಕಿ ಎಂದು ಗ್ರಂಥದ ಪ್ರಾಚೀನ ವ್ಯಾಖ್ಯಾನ ಹೇಳುತ್ತದೆ. ನೈಋತ್ಯ ಒಳ್ಳೆಯದು, ಈಶಾನ್ಯ ಒಳ್ಳೆಯದಲ್ಲ ಎಂಬ ಮಾತೂ ಇದೆ. ಸಂಪ್ರದಾಯದಲ್ಲಿ ನೈಋತ್ಯ ಸಮತಟ್ಟಾದ ನೆಲದ ದಿಕ್ಕು, ಈಶಾನ್ಯ ಬೆಟ್ಟದ ದಿಕ್ಕು. ಕುಂಟುವ ಕಾಲಿಗೆ ಏರುದಾರಿ ಬೇಡ ಎಂಬಷ್ಟು ಸರಳ ಕಾಳಜಿ ಅದರಲ್ಲಿ ನನಗೆ ಕಾಣುತ್ತದೆ.

ಈ ಆಕೃತಿಯ ಗೆರೆಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಒಂದು, ಮೂರು, ನಾಲ್ಕು ಮತ್ತು ಆರನೆಯ ಗೆರೆಗಳ ಮಾತು ಒಂದೇ ರೀತಿ ಶುರುವಾಗುತ್ತದೆ: ಹೋದರೆ ತಡೆ. ಮರಳಿ ಬಂದವನಿಗೆ ಮೊದಲ ಗೆರೆ ಮೆಚ್ಚುಗೆಯನ್ನೂ ನಾಲ್ಕನೆಯದು ಇತರರ ಜೊತೆಯನ್ನೂ ಹೇಳುತ್ತದೆ. ಐದನೆಯ ಗೆರೆಯಲ್ಲಿ ತಡೆ ಎಲ್ಲಕ್ಕಿಂತ ದೊಡ್ಡದು, ಆದರೆ ಅಲ್ಲಿಗೆ ಗೆಳೆಯರು ಬರುತ್ತಾರೆ. ದಾರಿ ಕಟ್ಟಿದಾಗ ಸಜ್ಜನನು ತನ್ನತ್ತ ತಿರುಗಿ ನಡತೆಯನ್ನು ತಿದ್ದಿಕೊಳ್ಳುತ್ತಾನೆ ಎಂಬುದು ಇಡೀ ಆಕೃತಿಗೆ ಬರೆದ ಟಿಪ್ಪಣಿ.

ಎರಡನೆಯ ಗೆರೆ ಮಾತ್ರ ಬೇರೆ. ಅಲ್ಲಿ ಅರಸನ ಸೇವಕನೊಬ್ಬ ತಡೆಯ ಮೇಲೆ ತಡೆಯನ್ನು ಎದುರಿಸುತ್ತಾನೆ, ಅದೂ ತನಗಾಗಿ ಅಲ್ಲ. ಅವನಿಗೆ ಮರಳಿ ಬಾ ಎಂದು ಗ್ರಂಥ ಹೇಳುವುದಿಲ್ಲ. ಮೂಲದಲ್ಲಿ ಜಿಯೆನ್ ಎಂಬ ಪದವೇ ಇಲ್ಲಿ ಜೋಡಿಯಾಗಿ ಬರುತ್ತದೆ, ಕುಂಟುತ್ತ ಕುಂಟುತ್ತ ಎಂಬಂತೆ. ಇದನ್ನು ಮೊದಲ ಸಲ ಓದಿದಾಗ ನನಗೆ ನೆನಪಾದವಳು ಅಮ್ಮ. ಅಜ್ಜಿ ಹಾಸಿಗೆ ಹಿಡಿದಿದ್ದ ನಾಲ್ಕು ವರ್ಷವೂ, ಮಂಡಿನೋವಿನಿಂದ ತಾನೇ ನಡೆಯಲಾರದಿದ್ದ ಅವಳು, ರಾತ್ರಿ ಎರಡೆರಡು ಸಲ ಎದ್ದು, ದೀಪ ಹಾಕದೆ, ಗೋಡೆ ಹಿಡಿದುಕೊಂಡು ಆ ಕೋಣೆಗೆ ಹೋಗಿ ಅಜ್ಜಿಯ ಮಗ್ಗುಲು ಬದಲಿಸಿ ಬರುತ್ತಿದ್ದಳು.